ಮೊದಲು ಸುಮ್ನೆ ಕೂತು ನೋಡಿ: ಊರಿನ ಸಣ್ಣ ವ್ಯಾಪಾರಿಗಳಿಗೆ ನೆರವಾಗುವುದು ಹೇಗೆ

ಮೊದಲ ದಿನ ಅಂಗಡಿಗೆ ಹೋದಾಗ ಬಾಯಿ ಬಿಡಬೇಡಿ. ಒಂದು ಸ್ಟೂಲ್ ಕೇಳಿ ಇಸಿದುಕೊಂಡು ಮೂಲೆಯಲ್ಲಿ ಎರಡು ಗಂಟೆ ಸುಮ್ನೆ ಕೂತು ಬನ್ನಿ. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಏನು ಸಿಗದೆ ವಾಪಸ್ ಹೋಗುತ್ತಾರೆ, ಮಗ ಬಂದು ಗಲ್ಲಾಪೆಟ್ಟಿಗೆಯಿಂದ ಎಷ್ಟು ಸಲ ದುಡ್ಡು ತೆಗೆದುಕೊಂಡು ಹೋದ, ಇಷ್ಟು ನೋಡಿದರೆ ಸಾಕು. ಸಲಹೆ ಆಮೇಲೆ ನೋಡೋಣ.

ನಾನು ಬ್ಯಾಂಕಿನಲ್ಲಿ 26 ವರ್ಷ ಕೆಲಸ ಮಾಡಿದವನು, ಜಾಸ್ತಿ ಕಾಲ ಸಾಲದ ವಿಭಾಗದಲ್ಲೇ. ಕೌಂಟರಿನ ಆ ಕಡೆ ಕೂತು ಅಷ್ಟು ವರ್ಷ ವ್ಯಾಪಾರಿಗಳನ್ನು ‘ಈ ಪೇಪರ್ ಇಲ್ಲ, ಆ ಪೇಪರ್ ತನ್ನಿ’ ಎಂದು ಓಡಾಡಿಸಿದ ಪಾಪ ಇದೆಯಲ್ಲ, ಅದನ್ನು ಸ್ವಲ್ಪ ಕಳೆದುಕೊಳ್ಳೋಣ ಎಂದು ನಿವೃತ್ತಿಯಾದ ಮೇಲೆ ತುಮಕೂರಿನಲ್ಲಿ ನಮ್ಮ ಬಡಾವಣೆಯ ಅಂಗಡಿಗಳಿಗೆ ಹೋಗಲು ಶುರು ಮಾಡಿದೆ. ಸಂಘ ಇಲ್ಲ, ಬೋರ್ಡ್ ಇಲ್ಲ. ನಾನು, ಒಂದು ಬ್ಯಾಗು, ಒಂದು ಕ್ಯಾಲ್ಕುಲೇಟರ್. ಈ ಕೆಲಸ ಮಾಡಬೇಕು ಅಂತ ಆಸೆ ಇದ್ದು ಎಲ್ಲಿಂದ ಶುರು ಮಾಡುವುದು ಗೊತ್ತಿಲ್ಲ ಎನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಬಾಯಿ ಬಿಡಬೇಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ನನ್ನ ಮೊದಲ ಅಂಗಡಿ ಒಂದು ದಿನಸಿ ಅಂಗಡಿ. ಉದ್ರಿ ಪುಸ್ತಕ ತೆಗೆದು ನೋಡಿದೆ, ಹೊರಗೆ 80 ಸಾವಿರ ಬಾಕಿ. ಬ್ಯಾಂಕಿನವನ ತಲೆ ತಾನೇ, ‘ಉದ್ರಿ ಪೂರ್ತಿ ನಿಲ್ಲಿಸಿ’ ಅಂದೆ. ಅವರು ಪಾಪ ನನ್ನ ಮಾತಿಗೆ ಬೆಲೆ ಕೊಟ್ಟು ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಹಾಕಿಯೇ ಬಿಟ್ಟರು. ಒಂದೇ ತಿಂಗಳಲ್ಲಿ ಹದಿನೈದು ಮನೆಯವರು ಅಂಗಡಿ ಬದಲಾಯಿಸಿದರು, ಹಳೇ ಬಾಕಿಯೂ ಅವರ ಜೊತೆಗೇ ಹೋಯಿತು. ಆ ಬೀದಿಯಲ್ಲಿ ಇರುವವರೆಲ್ಲ ಗಾರ್ಮೆಂಟ್ಸ್‌ಗೆ ಹೋಗುವವರು. ಸಂಬಳ 7ನೇ ತಾರೀಕಿನ ಮೇಲೆ ಬರುತ್ತದೆ, 25ರ ಹೊತ್ತಿಗೆ ಕೈ ಖಾಲಿ. ದೊಡ್ಡ ಸೂಪರ್ ಮಾರ್ಕೆಟ್ ಬಿಟ್ಟು ಇವರ ಹತ್ತಿರ ಬರುತ್ತಿದ್ದದ್ದೇ ಆ ನಡುವಿನ ದಿನಗಳ ಉದ್ರಿಗಾಗಿ. ಎರಡು ಗಂಟೆ ಕೂತು ನೋಡಿದ್ದರೆ ನನಗೆ ಅದು ಕಾಣುತ್ತಿತ್ತು. ಆಮೇಲೆ ನಾವು ಮಾಡಿದ್ದು ಇಷ್ಟೇ: ಒಂದು ಮನೆಗೆ ಇಷ್ಟು ಅಂತ ಮಿತಿ, 10ನೇ ತಾರೀಕಿಗೆ ಚುಕ್ತಾ, ಚುಕ್ತಾ ಆಗದೆ ಹೊಸ ಉದ್ರಿ ಇಲ್ಲ. ಮೊದಲೇ ಹೀಗೆ ಹೇಳಬಹುದಿತ್ತು.

ಯಾರ ಹತ್ತಿರ ಹೋಗಬೇಕು, ಯಾವಾಗ ಹೋಗಬೇಕು

ಒಂದು ಸಲಕ್ಕೆ ಇಬ್ಬರು, ಅಬ್ಬಬ್ಬಾ ಅಂದರೆ ಮೂವರು. ಅದಕ್ಕಿಂತ ಜಾಸ್ತಿ ಒಪ್ಪಿಕೊಂಡರೆ ಯಾರಿಗೂ ಪೂರ್ತಿ ಆಗುವುದಿಲ್ಲ. ನೀವೇ ಗಿರಾಕಿಯಾಗಿರುವ ಅಂಗಡಿಯಿಂದ ಶುರು ಮಾಡಿ, ಪರಿಚಯ ಇರುತ್ತದೆ, ‘ಇವರಿಗೆ ನನ್ನಿಂದ ಏನು ಬೇಕಾಗಿದೆ’ ಅನ್ನುವ ಅನುಮಾನ ಕಡಿಮೆ ಇರುತ್ತದೆ. ಆ ಅನುಮಾನ ಇದ್ದೇ ಇರುತ್ತದೆ, ತಪ್ಪಲ್ಲ. ಪುಕ್ಕಟೆ ಬಂದವನನ್ನು ನಂಬದಿರುವುದು ವ್ಯಾಪಾರಿಯ ಬುದ್ಧಿ. ಹಾಗಾಗಿ ಮೊದಲೇ ಹೇಳಿಬಿಡಿ: ‘ನಾನು ವಾರಕ್ಕೊಂದು ದಿನ ಬರುತ್ತೇನೆ, ಮೂರು ತಿಂಗಳು ಬರುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದೂ ಇಲ್ಲ.’ ಕೊನೆಯ ಮಾತನ್ನು ಮಾತ್ರ ನುಂಗಬೇಡಿ. ಕೈಸಾಲ ಕೊಟ್ಟ ದಿನ ನಿಮ್ಮ ಕೆಲಸ ಮುಗಿಯಿತು, ಆಮೇಲೆ ನೀವು ಬಂದರೆ ವಸೂಲಿಗೆ ಬಂದ ಹಾಗೆ ಕಾಣುತ್ತೀರಿ. ಜಾಮೀನಿಗೆ ಸಹಿಯೂ ಬೇಡ.

ಹೋಗುವ ಹೊತ್ತು ಮಧ್ಯಾಹ್ನ 2ರಿಂದ 4. ಸಂಜೆ ಆರರ ಮೇಲೆ ಹೋದರೆ ಗಿರಾಕಿಗಳ ನಡುವೆ ನೀವೇ ಅಡ್ಡ. ಬೆಳಿಗ್ಗೆ ಬೋಣಿ ಆಗುವ ಮೊದಲು ಹೋಗಿ ಲೆಕ್ಕ, ಸಾಲ, ನಷ್ಟ ಅಂತ ಶುರು ಮಾಡಿದರಂತೂ ಮತ್ತೆ ಆ ಕಡೆ ತಲೆ ಹಾಕದಿರುವುದೇ ಒಳ್ಳೆಯದು. ಗೌರಿ ಗಣೇಶ, ಆಯುಧ ಪೂಜೆ, ದೀಪಾವಳಿ ವಾರಗಳಲ್ಲಿ ಪಾಠ ಬೇಡ, ಹೋಗಿ ಪೊಟ್ಟಣ ಕಟ್ಟಿಕೊಡಿ. ಆ ವಾರ ಪೊಟ್ಟಣ ಕಟ್ಟಿದವನ ಮಾತನ್ನು ಮುಂದಿನ ತಿಂಗಳು ಕೇಳುತ್ತಾರೆ.

‘ನನಗೆ ವ್ಯಾಪಾರ ಗೊತ್ತಿಲ್ಲ, ನಾನೇನು ಮಾಡಲಿ’ ಅನ್ನುವವರಿಗೆ ಒಂದು ಮಾತು. ಬಂದ ಕಾಗದವನ್ನು ಓದಿ, ಅದರಲ್ಲಿ ಏನಿದೆ, ಯಾವ ತಾರೀಕಿನೊಳಗೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಹೇಳುವವರು ಸಿಕ್ಕರೆ ಅರ್ಧ ಅಂಗಡಿಗಳ ಅರ್ಧ ತಲೆನೋವು ಹೋಗುತ್ತದೆ. ಪಾಲಿಕೆಯಿಂದ, ಬ್ಯಾಂಕಿನಿಂದ, ತೆರಿಗೆ ಇಲಾಖೆಯಿಂದ ಬಂದ ಕಾಗದಗಳನ್ನು ಒಡೆಯದೆ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ ಅಂಗಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಹೆದರಿಕೆ ಅಷ್ಟೇ. ಒಂದು ಫೈಲ್ ತಂದುಕೊಟ್ಟು, ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಡಿ.

ಲೆಕ್ಕದ ಪುಸ್ತಕ: ದಿನಕ್ಕೆ ನಾಲ್ಕೇ ಸಾಲು

ಆಪ್ ಹಾಕಿಕೊಡಬೇಡಿ, ಕನಿಷ್ಠ ಮೊದಲ ತಿಂಗಳು. ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕು ಸಾಲು: ಬೆಳಿಗ್ಗೆ ಗಲ್ಲಾದಲ್ಲಿ ಎಷ್ಟಿತ್ತು, ಇವತ್ತು ವ್ಯಾಪಾರ ಎಷ್ಟು (ನಗದು ಬೇರೆ, ಫೋನ್‌ಪೇ ಗೂಗಲ್‌ಪೇ ಬೇರೆ), ಮಾಲಿಗೆ ಎಷ್ಟು ಕೊಟ್ಟೆ, ಮನೆಗೆ ಎಷ್ಟು ತೆಗೆದೆ. ನಾಲ್ಕನೇ ಸಾಲನ್ನು ಬರೆಸುವುದೇ ಕಷ್ಟ. ‘ಮನೆಗೆ ಅಂತ ಏನೂ ತೆಗೆಯಲ್ಲ ಸಾರ್’ ಅನ್ನುತ್ತಾರೆ. ಅಷ್ಟರಲ್ಲಿ ಮಗಳು ಬಂದು ಟ್ಯೂಷನ್ ಫೀಸಿಗೆ 500 ತೆಗೆದುಕೊಂಡು ಹೋಗುತ್ತಾಳೆ. ಏನೂ ಹೇಳಬೇಡಿ, ಪುಸ್ತಕ ಮುಂದಕ್ಕೆ ತಳ್ಳಿ.

ತಿಂಗಳ ಕೊನೆಗೆ ಕೂಡಿಸಿದಾಗ ಜಾಸ್ತಿ ಜನರಿಗೆ ಗೊತ್ತಾಗುವುದು, ಅಂಗಡಿ ನಷ್ಟದಲ್ಲಿಲ್ಲ, ಮನೆ ಅಂಗಡಿಗಿಂತ ಜೋರಾಗಿ ಓಡುತ್ತಿದೆ ಅಂತ. ಅದನ್ನು ನೀವು ಹೇಳಿದರೆ ಜಗಳ, ಪುಸ್ತಕ ಹೇಳಿದರೆ ಸಮಾಧಾನ. ಆಮೇಲೆ ಮನೆಗೆ ಅಂತ ಒಂದು ಸಂಬಳ ಗೊತ್ತು ಮಾಡಿ, ದಿನಕ್ಕೆ ಇಷ್ಟು ಅಂತ. ತಿಂಗಳಿಗೆ ಎಂದರೆ ನಡೆಯುವುದಿಲ್ಲ, ದಿನದ ದುಡಿಮೆಯವರಿಗೆ ದಿನದ ಲೆಕ್ಕವೇ ಸರಿ. ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. 1928ರಲ್ಲಿ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಟಿ.ಎಂ.ಎ. ಪೈ ಅವರು ಪಿಗ್ಮಿ ಉಳಿತಾಯ ಶುರು ಮಾಡಿದ್ದು ಇದೇ ತಲೆಯಿಂದ: ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಈಗಲೂ ಅಂಗಡಿ ಬಾಡಿಗೆ, ಮುಂಗಡ, ಕರೆಂಟ್ ಬಿಲ್, ಹಬ್ಬದ ಮಾಲಿನ ದುಡ್ಡು, ಇವಕ್ಕೆಲ್ಲ ಪಿಗ್ಮಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಬಡ್ಡಿ ಕಡಿಮೆ, ಒಪ್ಪುತ್ತೇನೆ. ಆದರೆ ಬಡ್ಡಿಗಾಗಿ ಅಲ್ಲ ಅದು, ಕೈಗೆ ಸಿಗದ ಹಾಗೆ ಎತ್ತಿಡುವುದಕ್ಕೆ.

ಕೋಡುಬಳೆ ಲೆಕ್ಕ

ಬೆಲೆ ಹಾಕುವುದನ್ನು ಹೇಗೆ ಕಲಿಸಬೇಕು ಅಂತ ಕೇಳುತ್ತಾರೆ. ನಾನು ಒಂದು ಉದಾಹರಣೆಯನ್ನೇ ಪೂರ್ತಿ ಹೇಳುತ್ತೇನೆ.

ಮನೆಯಲ್ಲೇ ಕೋಡುಬಳೆ, ನಿಪ್ಪಟ್ಟು ಮಾಡಿ ಹತ್ತು ಹನ್ನೆರಡು ಅಂಗಡಿಗೆ ಹಾಕುವ ಒಬ್ಬ ಹೆಣ್ಣುಮಗಳು. ಕೈ ಬಿಡುವಿಲ್ಲ, ಆರ್ಡರ್ ತುಂಬ, ಆದರೂ ತಿಂಗಳ ಕೊನೆಗೆ ಗ್ಯಾಸಿಗೆ ಸಾಲ. ‘ಅರ್ಧಕ್ಕರ್ಧ ಲಾಭ ಇದೆಯಲ್ಲ ಸಾರ್, ದುಡ್ಡು ಎಲ್ಲಿ ಹೋಗ್ತಿದೆ?’ ಅಂದರು. ಅವರ ಲೆಕ್ಕ ಹೀಗಿತ್ತು. ಒಂದು ಒಬ್ಬೆಗೆ (ಒಂದು ಸಲ ಮಾಡುವ ಮಾಲಿಗೆ) ಅಕ್ಕಿಹಿಟ್ಟು 5 ಕೆಜಿ 250 ರೂಪಾಯಿ, ಹುರಿಗಡಲೆ ಹಿಟ್ಟು 1 ಕೆಜಿ 120, ಖಾರದಪುಡಿ ಜೀರಿಗೆ ಕರಿಬೇವು ಎಲ್ಲ ಸೇರಿ 60, ಎಣ್ಣೆ 225. ಒಟ್ಟು 655. ಅದರಿಂದ 7 ಕೆಜಿ ಮಾಲು, ಕಾಲು ಕೆಜಿಯ 28 ಪ್ಯಾಕೆಟ್, ಒಂದಕ್ಕೆ ಅಂಗಡಿಯವರು ಕೊಡುವುದು ನಲವತ್ತೇಳೂವರೆ. ಅಂದರೆ 1,330. ಉಳಿದದ್ದು 675, ಸರಿ ಅರ್ಧಕ್ಕರ್ಧ.

ನಾನು ಏನನ್ನೂ ಹೇಳಲಿಲ್ಲ. ಮುಂದಿನ ವಾರ ಒಬ್ಬೆ ಹಾಕುವಾಗಲೇ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಕೂತು, ಕಣ್ಣಿಗೆ ಬಿದ್ದ ಒಂದೊಂದನ್ನೇ ಚೀಟಿಯಲ್ಲಿ ಬರೆದುಕೊಂಡೆ. ಗ್ಯಾಸ್ ಸಿಲಿಂಡರನ್ನು ತಕ್ಕಡಿಯಲ್ಲಿಟ್ಟು ಮೊದಲು ತೂಗಿದೆವು, ಕರಿದಾದ ಮೇಲೆ ಮತ್ತೆ ತೂಗಿದೆವು (ಅವರ ಅತ್ತೆಗೆ ನಗು ತಡೆಯಲಿಲ್ಲ). ಒಂದೂವರೆ ಕೆಜಿ ಖರ್ಚಾಗಿತ್ತು, 140 ರೂಪಾಯಿ ಅಂತ ಹಿಡಿದೆವು. ಕವರ್ ಮತ್ತು ಲೇಬಲ್, 28ಕ್ಕೆ ತಲಾ 3 ರೂಪಾಯಿ, 84. ಸಹಾಯಕ್ಕೆ ಬರುವ ಹುಡುಗಿಗೆ ಅರ್ಧ ದಿನದ 250. ಅಂಗಡಿಗಳಿಗೆ ಹಾಕಿಬರಲು ಆಟೋಗೆ 100. ಎಲ್ಲ ಸೇರಿಸಿ 1,229. ಪುಡಿಯಾದ ಎರಡು ಪ್ಯಾಕೆಟ್ ಅಂಗಡಿಗಳಿಂದ ವಾಪಸ್, ಅದು 95. 1,330ರಲ್ಲಿ 95 ಹೋಗಿ 1,235, ಅದರಲ್ಲಿ 1,229 ಹೋದರೆ ಉಳಿಯಿತು ಆರು ರೂಪಾಯಿ. ಐದು ಗಂಟೆ ಒಲೆ ಮುಂದೆ ನಿಂತದ್ದಕ್ಕೆ ಆರು ರೂಪಾಯಿ.

ಕ್ಯಾಲ್ಕುಲೇಟರ್ ಅವರ ಕೈಯಲ್ಲೇ ಇತ್ತು, ನಾನು ಮುಟ್ಟಲಿಲ್ಲ. ಇದು ಮುಖ್ಯ. ಕೊನೆಯ ಅಂಕಿ ಬರುವ ಹೊತ್ತಿಗೆ ಒತ್ತುತ್ತಿರುವುದು ಅವರ ಬೆರಳಾಗಿರಬೇಕು. ಎರಡು ಸಲ ಮತ್ತೆ ಕೂಡಿಸಿದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

ಮುಂದೆ ಏನು ಮಾಡಬೇಕು ಅನ್ನುವುದನ್ನೂ ಅವರೇ ಹೇಳಿದರು, ನಾನು ಕೇಳಿದ್ದು ‘ಇದರಲ್ಲಿ ಯಾವುದನ್ನು ಕಡಿಮೆ ಮಾಡಬಹುದು?’ ಅಂತ ಮಾತ್ರ. ದಿನಾ ಆಟೋ ಬೇಡ, ಮೂರು ಒಬ್ಬೆ ಒಟ್ಟಿಗೆ ಹಾಕಿಬರುವುದು, ಒಬ್ಬೆಗೆ 35 ಬಿತ್ತು. ಚೀಲದ ಬದಲು ರಟ್ಟಿನ ಡಬ್ಬಿಯಲ್ಲಿ ಜೋಡಿಸಿ ಕಳಿಸಿದರೆ ಪುಡಿಯಾಗುವುದಿಲ್ಲ, ವಾಪಸ್ ಬರುವುದೂ ಇಲ್ಲ. ರಟ್ಟಿನ ಡಬ್ಬಿ ದಿನಸಿ ಅಂಗಡಿಯಲ್ಲಿ ಪುಕ್ಕಟೆ. ಪ್ಯಾಕೆಟ್ ಬೆಲೆ ಅಂಗಡಿಗೆ 54, ಗಿರಾಕಿಗೆ 65. ಎರಡು ಅಂಗಡಿಯವರು ‘ಬೇಡಮ್ಮ’ ಅಂದರು, ಹೋಗಲಿ. ಈಗ ಒಬ್ಬೆಗೆ ಸುಮಾರು 350 ಉಳಿಯುತ್ತದೆ. ಶ್ರೀಮಂತಿಕೆ ಅಲ್ಲ, ಗಂಟೆಗೆ 70 ರೂಪಾಯಿ ಕೂಲಿ. ಆದರೆ ಈಗ ಅದು ಎಷ್ಟು ಅಂತ ಅವರಿಗೆ ಗೊತ್ತು.

ಹೊಲಿಗೆ, ಹೂವು, ಮೆಸ್, ಸೈಕಲ್ ರಿಪೇರಿ, ಯಾವುದೇ ಇರಲಿ ಇದೇ ಕ್ರಮ. ಯಾವತ್ತೂ ಬಿಟ್ಟುಹೋಗುವುದು ನಾಲ್ಕು: ಇಂಧನ, ಓಡಾಟ, ಹಾಳಾದದ್ದು, ಮತ್ತು ಮಾಲೀಕರ ಸ್ವಂತ ಮೈಕೂಲಿ.

ಯುಪಿಐ ಮತ್ತು ಜಿಎಸ್‌ಟಿ: ಮೊದಲು ಹೆದರಿಕೆ ಬಿಡಿಸಿ

2025ರ ಜುಲೈ ನೆನಪಿದೆ ಅಲ್ವಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿಯವರು, ಎಲ್ಲರೂ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಚೀಟಿ ಅಂಟಿಸಿದರು. ಬಂದ್ ಮಾಡುವ ಮಾತೂ ಬಂತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ನೀವು ಸರಿಯಾಗಿ ತಿಳಿದುಕೊಂಡು ಹೋಗಿ.

ಯುಪಿಐಗೆ ತೆರಿಗೆ ಇಲ್ಲ. ತೆರಿಗೆಯ ಪ್ರಶ್ನೆ ಬರುವುದು ವರ್ಷದ ಒಟ್ಟು ವಹಿವಾಟಿನ ಮೇಲೆ, ಅದು ನಗದಾಗಲಿ ಫೋನಾಗಲಿ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷ ಎಂದರೆ ಅಂಗಡಿಯವರಿಗೆ ಆಕಾಶದಲ್ಲಿರುವ ಸಂಖ್ಯೆ. ಅದನ್ನು 365ರಿಂದ ಭಾಗಿಸಿ ಹೇಳಿ: ದಿನಕ್ಕೆ ಸುಮಾರು 11,000 ವ್ಯಾಪಾರ. ಆಗ ತಕ್ಷಣ ‘ಓ, ನಾನು ಅಷ್ಟಿಲ್ಲ’ ಅಥವಾ ‘ಅಯ್ಯೋ, ನಾನು ದಾಟಿದ್ದೇನೆ’ ಅನ್ನುತ್ತಾರೆ. 20 ಲಕ್ಷ ಎಂದರೆ ದಿನಕ್ಕೆ ಐದೂವರೆ ಸಾವಿರ.

ಬರೀ ಹಾಲು, ತರಕಾರಿ, ಹಣ್ಣು ಮಾರುವವರಿಗೆ ತೆರಿಗೆಯೂ ಇಲ್ಲ, ನೋಂದಣಿಯೂ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸಿಗರೇಟು, ಸೋಪು ಇಟ್ಟರೆ ಮಿತಿ ಲೆಕ್ಕ ಹಾಕುವಾಗ ಹಾಲಿನ ವಹಿವಾಟೂ ಸೇರುತ್ತದೆ. ಜಾಸ್ತಿ ಜನ ಎಡವಿದ್ದು ಇಲ್ಲೇ. ಇನ್ನೊಂದು ಕಡೆ ಎಡವಿದ್ದು ಒಂದೇ ಖಾತೆ ಇಟ್ಟುಕೊಂಡದ್ದರಿಂದ. ತಮ್ಮ ಕಳಿಸಿದ ಕೈಸಾಲ, ಚೀಟಿ ದುಡ್ಡು, ಮಗಳ ಮದುವೆಯ ಮುಯ್ಯಿ, ಎಲ್ಲ ಅಂಗಡಿಯ ಕ್ಯೂಆರ್‌ಗೇ ಬಂದಿರುತ್ತದೆ. ಹೊರಗಿನಿಂದ ನೋಡಿದವರಿಗೆ ಅದೆಲ್ಲ ವ್ಯಾಪಾರವೇ. ಹಾಗಾಗಿ ನೀವು ಮಾಡಿಸಬೇಕಾದ ಮೊದಲ ಕೆಲಸ ಅಂಗಡಿಗೇ ಅಂತ ಒಂದು ಬೇರೆ ಖಾತೆ, ಅದಕ್ಕೊಂದು ಬೇರೆ ಕ್ಯೂಆರ್.

ಮಿತಿ ದಾಟಿದ ವ್ಯಾಪಾರಿಗಳಿಗೆ, ಒಂದೂವರೆ ಕೋಟಿಯವರೆಗೆ, ಕಾಂಪೋಸಿಷನ್ ಅನ್ನುವ ಸುಲಭದ ದಾರಿ ಇದೆ: ವಹಿವಾಟಿನ ಮೇಲೆ ಶೇ. 1, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದು ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ ಅನ್ನುವುದನ್ನು ಲೆಕ್ಕಪರಿಶೋಧಕರ ಹತ್ತಿರ ಕೇಳಿ ಮಾಡಿಸಿ. ಇಲ್ಲಿ ನಿಮ್ಮ ಕೆಲಸ ಜೊತೆಗೆ ಹೋಗಿ ಕೂರುವುದು. ಒಬ್ಬರೇ ಹೋದರೆ ‘ಹೂಂ ಸಾರ್’ ಅಂತ ತಲೆಯಾಡಿಸಿ ಬಂದುಬಿಡುತ್ತಾರೆ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಶಾಮಿಯಾನ ಅಂಗಡಿಯವರೊಬ್ಬರಿಗೆ ಜಿಎಸ್‌ಟಿ ನೋಂದಣಿ ಮಾಡಿಸುವಾಗ, ಅವರ ಫೋನಿಗೆ ಒಟಿಪಿ ಬರಲು ತಡವಾಯಿತು ಅಂತ ನನ್ನ ನಂಬರ್ ಹಾಕಿಬಿಟ್ಟೆ. ಆಮೇಲೆ ಬದಲಾಯಿಸಿದರಾಯಿತು ಅಂತ. ಆಷಾಢ ಬಂತು, ಮದುವೆ ಇಲ್ಲ, ಬಿಲ್ಲೇ ಇಲ್ಲ, ಬಿಲ್ಲಿಲ್ಲದ ಮೇಲೆ ರಿಟರ್ನ್ ಯಾಕೆ ಅಂತ ಅವರು ಸುಮ್ಮನಿದ್ದರು. ನಾನು ಮಗಳ ಮನೆಗೆ ಪುಣೆಗೆ ಹೋಗಿದ್ದೆ, ನೆನಪಿಸುವ ಮೆಸೇಜುಗಳೆಲ್ಲ ನನ್ನ ಫೋನಿಗೆ ಬಂದು ಬಿದ್ದಿದ್ದವು. ವ್ಯಾಪಾರ ಸೊನ್ನೆ ಇದ್ದರೂ 3ಬಿ ರಿಟರ್ನ್ (ಮಾರಾಟ ಮತ್ತು ತೆರಿಗೆಯ ಲೆಕ್ಕ ಕೊಡುವ ಫಾರಂ) ಹಾಕಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿ, ಸೊನ್ನೆ ರಿಟರ್ನಿಗೆ ಹೆಚ್ಚೆಂದರೆ 500. 47 ದಿನ ತಡ, 500 ರೂಪಾಯಿ. ನಾನೇ ಕಟ್ಟಿದೆ. ಅವರು ಬೇಡ ಅಂದರು, ಆದರೂ ಕಟ್ಟಿದೆ. ಅಂದಿನಿಂದ ನಿಯಮ ಒಂದೇ: ನಂಬರ್ ಅವರದು, ಇಮೇಲ್ ಅವರದು, ಪಾಸ್‌ವರ್ಡ್ ಅವರ ಪುಸ್ತಕದಲ್ಲಿ, ಒಟಿಪಿಯನ್ನು ಅವರೇ ಒತ್ತಬೇಕು. ಒಟಿಪಿ ಯಾರಿಗೂ ಹೇಳಬಾರದು ಅಂತ ಕಲಿಸುವವರೇ ‘ಒಟಿಪಿ ಹೇಳಿ’ ಅಂದರೆ ಹೇಗೆ?

ಮೋಸದ ವಿಷಯಕ್ಕೆ ಎರಡೇ ಮಾತು. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ಸೌಂಡ್‌ಬಾಕ್ಸ್ ಕೂಗಬೇಕು ಅಥವಾ ತಮ್ಮ ಫೋನಿನಲ್ಲಿ ಜಮಾ ಕಾಣಬೇಕು. ಮೋಸವಾದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ. ಈ ನಂಬರನ್ನು ಕ್ಯೂಆರ್ ಸ್ಟ್ಯಾಂಡಿನ ಹಿಂದೆ ಮಾರ್ಕರಿನಲ್ಲಿ ಬರೆದುಕೊಡಿ.

ಕಾಗದ ಪತ್ರ

ಉದ್ಯಂ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಪುಕ್ಕಟೆ. ಆಧಾರ್, ಪ್ಯಾನ್ ಇದ್ದರೆ ಅರ್ಧ ಗಂಟೆಯ ಕೆಲಸ. 2020ರ ಜುಲೈ 1ರಿಂದ ನಡೆಯುತ್ತಿದೆ, ಆದರೂ ಇವತ್ತಿಗೂ ಇದಕ್ಕೆ ಎರಡು ಮೂರು ಸಾವಿರ ಕೊಟ್ಟು ಬಂದವರು ಸಿಗುತ್ತಾರೆ, ಯಾಕೆಂದರೆ ಹುಡುಕಿದಾಗ ಮೊದಲು ಬರುವುದು ಸರ್ಕಾರದ್ದೇ ಅನಿಸುವ ಖಾಸಗಿ ತಾಣಗಳು. ವಿಳಾಸದ ಕೊನೆಗೆ ‘ಡಾಟ್ ಗವ್ ಡಾಟ್ ಇನ್’ ಇದೆಯೇ ನೋಡಿ, ಇಲ್ಲದಿದ್ದರೆ ಮುಚ್ಚಿ. ಪ್ಯಾನ್, ಜಿಎಸ್‌ಟಿ ಯಾವುದೂ ಇಲ್ಲದ ತೀರಾ ಸಣ್ಣವರಿಗೆ ಬ್ಯಾಂಕುಗಳ ಮೂಲಕ ನಡೆಯುವ ಉದ್ಯಂ ಅಸಿಸ್ಟ್ ಇದೆ.

ಅದರಿಂದ ಏನು ಲಾಭ ಅಂತ ಕೇಳಿಯೇ ಕೇಳುತ್ತಾರೆ. ಸಾಲಕ್ಕೆ ಅನುಕೂಲ, ಅದು ಸರಿ. ಮಾಲು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಇನ್ನೊಂದಿದೆ: ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಮಾಲು ತೆಗೆದುಕೊಂಡ ಕಂಪನಿ 45 ದಿನದೊಳಗೆ ದುಡ್ಡು ಕೊಡಲೇಬೇಕು, ಕೊಡದಿದ್ದರೆ ಸರ್ಕಾರದ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು. ಬರೀ ಕೊಂಡು ಮಾರುವವರಿಗೆ ಇದಿಲ್ಲ. ನಿಜ ಹೇಳಬೇಕೆಂದರೆ ದೂರು ಕೊಡುವವರು ಕಡಿಮೆ, ಮುಂದಿನ ಆರ್ಡರ್ ಹೋಗುತ್ತದೆ ಅನ್ನುವ ಭಯ. ಆದರೆ ಬಿಲ್ಲಿನ ಕೆಳಗೆ ಉದ್ಯಂ ನಂಬರ್ ಮತ್ತು ‘45 ದಿನ’ ಅಂತ ಅಚ್ಚು ಹಾಕಿಸಿ ನೋಡಿ, ಒಮ್ಮೊಮ್ಮೆ ಅಷ್ಟಕ್ಕೇ ಫೋನ್ ಬರುತ್ತದೆ.

ತಿಂಡಿ ತಿನಿಸಿನವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು, ಮನೆಯಲ್ಲಿ ಮಾಡಿದರೂ. ಪ್ಯಾಕೆಟ್ ಮೇಲೆ ಆ 14 ಅಂಕಿಯ ಸಂಖ್ಯೆ, ತೂಕ, ಬೆಲೆ, ತಯಾರಿಸಿದ ತಾರೀಕು, ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಟ್ರೇಡ್ ಲೈಸೆನ್ಸ್ ಪಾಲಿಕೆ ಅಥವಾ ಪಂಚಾಯಿತಿಯಲ್ಲಿ, ಮುಗಿಯುವ ತಾರೀಕನ್ನು ಅಂಗಡಿಯ ಕ್ಯಾಲೆಂಡರಿನಲ್ಲೇ ಸುತ್ತು ಹಾಕಿ. ಬೋರ್ಡ್ ಮಾಡಿಸುವವರಿದ್ದರೆ ಶೇ. 60 ಕನ್ನಡ ಇರಲಿ, 2024ರಿಂದ ಅದು ಕಾನೂನು. ಆಮೇಲೆ ಬಿಚ್ಚಿಸಿ ಬರೆಸುವುದು ಡಬಲ್ ಖರ್ಚು.

ಸಾಲ

ಇಲ್ಲಿ ನನಗೆ ಎರಡೂ ಕಡೆ ಗೊತ್ತು, ಹಾಗಾಗಿ ಸ್ವಲ್ಪ ಉದ್ದ.

ಬ್ಯಾಂಕಿಗೆ ಹೋಗುವ ಮೊದಲು ಈಗಿರುವ ಸಾಲದ ಬೆಲೆಯನ್ನು ಲೆಕ್ಕ ಹಾಕಿಸಿ. ಅಂತರಸನಹಳ್ಳಿ ಮಾರುಕಟ್ಟೆಯಿಂದ ಹೂವು ತಂದು ಕಟ್ಟಿ ಮಾರುವವರೊಬ್ಬರು 10,000 ತೆಗೆದುಕೊಂಡಿದ್ದರು. ಕೈಗೆ ಬಂದದ್ದು 9,000. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ‘ಸಾವಿರ ತಾನೇ ಸಾರ್, ಶೇ. 10’ ಅಂದರು. ಅಲ್ಲ. ದುಡ್ಡು ಪೂರ್ತಿ ನೂರು ದಿನ ಅವರ ಹತ್ತಿರ ಇರುವುದಿಲ್ಲ, ಮೊದಲ ದಿನದಿಂದಲೇ ವಾಪಸ್ ಹೋಗುತ್ತಿರುತ್ತದೆ. ಸರಾಸರಿ ಅವರ ಕೈಯಲ್ಲಿ ಇದ್ದದ್ದು ನಾಲ್ಕೂವರೆ ಸಾವಿರ, ಅದಕ್ಕೆ ನೂರು ದಿನಕ್ಕೆ ಸಾವಿರ ಬಡ್ಡಿ. ವರ್ಷಕ್ಕೆ ಹಿಡಿದರೆ ಶೇ. 80ರ ಹತ್ತಿರ. ಮುಗಿದ ಕೂಡಲೇ ಮತ್ತೆ ತೆಗೆದುಕೊಳ್ಳುತ್ತಿದ್ದರು, ಆರು ವರ್ಷದಿಂದ.

ಬೀದಿಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಇದೆ. 2020ರಲ್ಲಿ ಶುರುವಾದಾಗ ಮೊದಲ ಕಂತು 10,000 ಇತ್ತು, 2025ರಲ್ಲಿ ಬದಲಾಗಿ ಮೊದಲು 15,000, ಅದು ತೀರಿದ ಮೇಲೆ 25,000, ಆಮೇಲೆ 50,000. ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ. 7ರ ಲೆಕ್ಕದಲ್ಲಿ ಬಡ್ಡಿ ವಾಪಸ್. ಪಾಲಿಕೆ ಕೊಟ್ಟ ವ್ಯಾಪಾರಿ ಗುರುತಿನ ಚೀಟಿ ಬೇಕು, ಇಲ್ಲದಿದ್ದರೆ ಶಿಫಾರಸು ಪತ್ರ. ಆ ಪತ್ರಕ್ಕೆ ಅವರನ್ನು ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಹೂವಿನವರು ಒಂದು ದಿನ ಪಾಲಿಕೆಗೆ ಹೋದರೆ ಆ ದಿನದ ಹೂವು ಬಾಡುತ್ತದೆ. ಅದಕ್ಕೇ ಅವರು ಆರು ವರ್ಷ ಹೋಗದೆ ಇದ್ದದ್ದು. ನಾನು ಹೋದ ದಿನ ನನ್ನ ಹೆಂಡತಿ ಅವರ ಬುಟ್ಟಿ ಮುಂದೆ ಕೂತಿದ್ದಳು, ಮೊಳ ಸ್ವಲ್ಪ ಉದ್ದವೇ ಹಾಕಿ ಕೊಟ್ಟಳಂತೆ.

ಅಂಗಡಿ ಇರುವವರಿಗೆ ಮುದ್ರಾ ಸಾಲ: ಶಿಶು 50,000ದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ, ಹಿಂದಿನ ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೆ. ಅಡಮಾನ ಕೇಳುವಂತಿಲ್ಲ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕರು ಹೀಗೆ 18 ಕಸುಬಿನವರಿಗೆ ವಿಶ್ವಕರ್ಮ ಯೋಜನೆ, ಉಪಕರಣಕ್ಕೆ 15,000, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ. ಯೋಜನೆಗಳ ನಿಯಮ ಬದಲಾಗುತ್ತಿರುತ್ತವೆ, ಹೋಗುವ ವಾರ ಒಮ್ಮೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಈಗ ಕೌಂಟರಿನ ಆ ಕಡೆಯ ಗುಟ್ಟು. ಮ್ಯಾನೇಜರ್ ನೋಡುವುದು ಮೂರು: ಹಳೇ ಸಾಲ ಹೇಗೆ ಕಟ್ಟಿದ್ದಾರೆ, ಆರು ತಿಂಗಳಿನಿಂದ ಖಾತೆಯಲ್ಲಿ ದುಡ್ಡು ಓಡಾಡಿದೆಯೇ, ಕೇಳುತ್ತಿರುವ ದುಡ್ಡು ಯಾವುದಕ್ಕೆ. ಮೊದಲನೆಯದಕ್ಕೆ ಸಿಬಿಲ್ ವರದಿಯನ್ನು ಮೊದಲೇ ತೆಗೆಸಿ ನೋಡಿ, ವರ್ಷಕ್ಕೊಂದು ಪುಕ್ಕಟೆ ಸಿಗುತ್ತದೆ. ಯಾವಾಗಲೋ ತೆಗೆದುಕೊಂಡ ಮೊಬೈಲ್ ಇಎಂಐನ 600 ರೂಪಾಯಿ ಬಾಕಿ ಅಲ್ಲಿ ಕುಂತಿರುತ್ತದೆ. ಎರಡನೆಯದಕ್ಕೆ ಅದೇ ಬೇರೆ ಖಾತೆ. ಮೂರನೆಯದಕ್ಕೆ ನಿಮ್ಮ ನಾಲ್ಕು ಸಾಲಿನ ಪುಸ್ತಕ. ‘ವ್ಯಾಪಾರ ದೊಡ್ಡದು ಮಾಡಬೇಕು ಸಾರ್’ ಅಂದರೆ ಮ್ಯಾನೇಜರ್ ತಲೆ ಎತ್ತುವುದಿಲ್ಲ. ‘ಗ್ರೈಂಡರ್ 38,000, ಇದು ಕೊಟೇಶನ್, ಬಂದರೆ ವಾರಕ್ಕೆ ಎರಡು ಒಬ್ಬೆ ಜಾಸ್ತಿ ಆಗುತ್ತೆ’ ಅಂದರೆ ಎತ್ತುತ್ತಾನೆ. ಇದನ್ನು ಹೇಳುವುದು ವ್ಯಾಪಾರಿ, ನೀವಲ್ಲ. ಮನೆಯಲ್ಲಿ ಎರಡು ಸಲ ಹೇಳಿಸಿ ಕರೆದುಕೊಂಡು ಹೋಗಿ, ಅಲ್ಲಿ ನೀವು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. ಇಲ್ಲ ಅಂದರೆ ಯಾಕೆ ಅಂತ ಬರೆದುಕೊಡಲು ವಿನಯವಾಗಿ ಕೇಳಿ. ಬರೆಯಬೇಕಾದಾಗ ಕಾರಣ ಇನ್ನೊಂದು ಸಲ ಯೋಚಿಸುತ್ತಾರೆ, ನಾನೂ ಯೋಚಿಸುತ್ತಿದ್ದೆ.

ಸಾಲ ಬೇಡ ಅನ್ನುವುದೂ ಸಲಹೆಯೇ. ಬೆಲೆ ತಪ್ಪಾಗಿ ಹಾಕಿದ ಅಂಗಡಿಗೆ ಸಾಲ ಕೊಡಿಸಿದರೆ ನಷ್ಟವೂ ಆ ಮಟ್ಟಕ್ಕೆ ದೊಡ್ಡದಾಗುತ್ತದೆ. ಕೋಡುಬಳೆಯವರು ಆರು ರೂಪಾಯಿ ಕಾಲದಲ್ಲಿ 2 ಲಕ್ಷ ಕೇಳಿದ್ದರು.

ಹೊಸದಾಗಿ ಕಸುಬು ಕಲಿಯಬೇಕು ಅನ್ನುವ ಹುಡುಗರಿದ್ದರೆ ರುಡ್‌ಸೆಟ್ ಅಥವಾ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಕ್ಕೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ಶುರು ಮಾಡಿದ್ದು, ಈಗ ಅದೇ ಮಾದರಿ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಇದೆ. ಊಟ ವಸತಿ ಸೇರಿ ಪುಕ್ಕಟೆ.

ಗೂಗಲ್ ಮ್ಯಾಪ್, ವಾಟ್ಸಾಪ್

ಇದನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. ಮ್ಯಾಪಿನಲ್ಲಿ ಅಂಗಡಿ ಹೆಸರು ಕನ್ನಡದಲ್ಲೂ ಇರಲಿ, ತೆರೆಯುವ ಹೊತ್ತು ಸರಿಯಾಗಿರಲಿ, ಹೊರಗಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದದ್ದಿರಲಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಹತ್ತು ಮಾಲಿನ ಫೋಟೋ ಮತ್ತು ಬೆಲೆ ಸಾಕು. ಮನೆಯ ಮಗನೋ ಮಗಳೋ ಇದನ್ನು ನಿಮಗಿಂತ ಚೆನ್ನಾಗಿ ಮಾಡುತ್ತಾರೆ, ಅವರ ಕೈಗೆ ಕೊಡಿ. ಅಂಗಡಿಯ ಮೇಲೆ ಅವರಿಗೆ ಆಸಕ್ತಿ ಹುಟ್ಟಿದ್ದನ್ನೂ ಎರಡು ಕಡೆ ನೋಡಿದ್ದೇನೆ.

ಬಿಟ್ಟುಬರುವುದು

ಮೂರು ತಿಂಗಳು ಎಂದು ಹೇಳಿದ್ದೀರಿ, ಮೂರೇ ತಿಂಗಳು. ಎರಡನೇ ತಿಂಗಳಿನಿಂದಲೇ ವಾರದ ಬದಲು ಹದಿನೈದು ದಿನಕ್ಕೆ ಹೋಗಿ, ಪುಸ್ತಕ ಬರೆದಿದ್ದಾರೆಯೇ ನೋಡಿ. ಬರೆದಿಲ್ಲದಿದ್ದರೆ ಬೈಯಬೇಡಿ, ಆ ದಿನದ ನಾಲ್ಕು ಸಾಲು ಜೊತೆಗೆ ಕೂತು ಬರೆಸಿ ಬನ್ನಿ. ಕೆಲವರು ಬರೆಯುವುದೇ ಇಲ್ಲ. ನಾನು ಹೋದ ಹನ್ನೊಂದು ಅಂಗಡಿಗಳಲ್ಲಿ ಪುಸ್ತಕ ಇನ್ನೂ ನಡೆಯುತ್ತಿರುವುದು ಆರರಲ್ಲಿ. ಒಂದು ಅಂಗಡಿ ಮುಚ್ಚಿತು, ಮುಚ್ಚಬೇಕಾಗಿತ್ತು. ಆ ಮಾಲೀಕರು ಈಗ ಇನ್ನೊಬ್ಬರ ಹತ್ತಿರ ಸಂಬಳಕ್ಕಿದ್ದಾರೆ, ಬಾಡಿಗೆಯ ತಲೆಬಿಸಿ ಇಲ್ಲ, ಸಿಕ್ಕಾಗ ಟೀ ಕುಡಿಸುತ್ತಾರೆ.

ಒಂದು ಅಂಗಡಿಯ ಮಾತು ಇನ್ನೊಂದು ಅಂಗಡಿಯಲ್ಲಿ ಆಡಬೇಡಿ, ಒಳ್ಳೆಯದಾದರೂ. ಅದೇ ಬೀದಿಯ ಅದೇ ವ್ಯಾಪಾರದ ಇಬ್ಬರನ್ನು ಒಟ್ಟಿಗೆ ಒಪ್ಪಿಕೊಳ್ಳಬೇಡಿ. ಮತ್ತೆ, ಹೊರಡುವಾಗ ಏನಾದರೂ ಕೈಗಿಡಲು ಬರುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ತೆಗೆದುಕೊಂಡರೆ ಅದು ಅವರ ಮಾಲು. ನಾನು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ. ಕೋಡುಬಳೆಯವರ ಮನೆಗೆ ಕೊನೆಯ ಸಲ ಹೋದಾಗ ಒಂದು ಪ್ಯಾಕೆಟ್ ಕೊಟ್ಟರು, ಅದರ 65 ರೂಪಾಯಿಗೆ 70 ಕೊಟ್ಟೆ. ಬೇಡ ಬೇಡ ಅಂತ ಎರಡು ಸಲ ಅಂದರು, ಆಮೇಲೆ ನೋಟು ಇಸಿದುಕೊಂಡು, ಪುಸ್ತಕ ತೆರೆದು ‘ಬ್ಯಾಂಕಿನ ಸಾರ್ ನಗದು 65’ ಅಂತ ಬರೆದು, ಐದು ರೂಪಾಯಿ ಚಿಲ್ಲರೆ ಹುಡುಕಲು ಒಳಗೆ ಹೋದರು.